ಪಾಲಾಗದ ದೇವರು

ನಮ್ಮ ಮನೆತನದ ದೇವರು ಇದ್ದದ್ದು ಹಲಸಿನ ಹಲಗೆಯ ಒಂದು ಪೆಟ್ಟಿಗೆಯಲ್ಲಿ. ಒಳಗೆ ಒಂದು ಸ್ಫಟಿಕಲಿಂಗ, ಒಂದು ಬಾಣಲಿಂಗ, ಒಂದು ಸಾಲಿಗ್ರಾಮ. ಅವು ಯಾವ ತಲೆಮಾರಿನಲ್ಲಿ ಯಾರಿಂದ ಬಂದವೋ ನನಗೆ ತಿಳಿಯದು. ನನ್ನ ತಂದೆಯವರಿಗೂ ತಿಳಿದಿರಲಿಲ್ಲ. ಚನ್ನರಾಯನದುರ್ಗದ ಬೆಟ್ಟದ ನೆರಳು ಸಂಜೆಯ ಹೊತ್ತಿಗೆ ಬಂದು ಮುಟ್ಟುವ ಸಣ್ಣ ಊರು ನಮ್ಮದು. ಅಲ್ಲಿ ಕೆರೆಯ ಕೆಳಗೆ ಸ್ವಲ್ಪ ಗದ್ದೆ, ಏರಿಯಾಚೆ ಸ್ವಲ್ಪ ಹೊಲ, ಬೀದಿಯುದ್ದಕ್ಕೆ ಚಾಚಿದ ಒಂದು ಮನೆ, ಮತ್ತು ಈ ಪೆಟ್ಟಿಗೆ. ನನ್ನ ಅಜ್ಜ ತಮ್ಮ ಇಬ್ಬರು ಗಂಡುಮಕ್ಕಳಿಗೆ ಬಿಟ್ಟುಹೋದದ್ದು ಇಷ್ಟು. ಹಿರಿಯರು ನನ್ನ ತಂದೆಯವರು, ಕಿರಿಯರು ನನ್ನ ಚಿಕ್ಕಪ್ಪ.

ಅಜ್ಜ ಹೋದ ಕೆಲವು ವರ್ಷಗಳಲ್ಲಿ ಸಹೋದರರು ಬೇರೆಯಾದರು. ಜಗಳವೇನೂ ಆಗಲಿಲ್ಲ. ನನ್ನ ತಾಯಿಗೂ ಚಿಕ್ಕಮ್ಮನಿಗೂ ಮಡಿಯ ವಿಚಾರದಲ್ಲಿ, ಹಾಲು ಕಾಯಿಸುವ ವಿಚಾರದಲ್ಲಿ ಬರುತ್ತಿದ್ದ ಸಣ್ಣ ಮನಸ್ತಾಪಗಳು ದೊಡ್ಡವಾಗುವ ಮೊದಲೇ ಒಲೆಯನ್ನು ಎರಡು ಮಾಡುವುದು ಲೇಸೆಂದು ಅಣ್ಣತಮ್ಮಂದಿರಿಗೆ ತೋರಿತು. ಊರಿನ ಹಿರಿಯರನ್ನು ಜಗಲಿಯ ಮೇಲೆ ಕೂರಿಸಿಕೊಂಡು ಮಾತಿನಲ್ಲಿಯೇ ಎಲ್ಲವನ್ನೂ ಮುಗಿಸಿದರು. ಮನೆಯ ನಡುವೆ ಮಣ್ಣಿನ ಗೋಡೆ ಎದ್ದಿತು. ಗದ್ದೆಯ ನಡುವೆ ಕಲ್ಲು ನೆಟ್ಟದ್ದಾಯಿತು. ದನಕರು, ಪಾತ್ರೆಪಡಗ, ಹಿತ್ತಲಿನ ಹುಣಿಸೆಮರದ ಫಲ, ಎಲ್ಲಕ್ಕೂ ಪಾಲು ಆಯಿತು. ಖಾತೆಯನ್ನು ಮಾತ್ರ ಬದಲಾಯಿಸಲಿಲ್ಲ. ಕಂದಾಯವನ್ನು ತಂದೆಯವರೇ ಶಾನುಭೋಗರಿಗೆ ಕಟ್ಟುತ್ತಿದ್ದರು. ಚಿಕ್ಕಪ್ಪ ತಮ್ಮ ಭಾಗವನ್ನು ಅಣ್ಣನ ಕೈಗೆ ಕೊಡುತ್ತಿದ್ದರು. ಒಡಹುಟ್ಟಿದವರ ನಡುವೆ ಕಾಗದವೇಕೆ ಎನ್ನುವುದು ಆ ಕಾಲದ ಮಾತು.

ಉಳಿದದ್ದು ದೇವರ ಪೆಟ್ಟಿಗೆ. ಅದನ್ನೂ ಹಂಚಿಬಿಡುವ ಪ್ರಸ್ತಾಪವನ್ನು ಹಿರಿಯರೊಬ್ಬರು ಎತ್ತಿದರಂತೆ. ಒಳಗೆ ಕುಳಿತಿದ್ದ ನನ್ನ ಅಜ್ಜಿ ಬಾಗಿಲ ಮರೆಯಿಂದಲೇ ತಡೆದರು.

"ಒಲೆ ಎರಡಾಗಲಿ, ಗದ್ದೆ ಎರಡಾಗಲಿ. ದೇವರನ್ನೂ ಪಾಲು ಮಾಡ್ತಾರೇನಪ್ಪ? ನಾನಿರೋ ತನಕ ಅದೊಂದು ಬೇಡ. ನಾನು ಹೋದ ಮೇಲೂ ಬೇಡ."

ಇಬ್ಬರು ಮಕ್ಕಳೂ ಎದ್ದುಹೋಗಿ ತಾಯಿಯ ಕಾಲುಮುಟ್ಟಿ ಮಾತು ಕೊಟ್ಟರು. ಆ ಮಾತನ್ನು ಇಬ್ಬರೂ ಕೊನೆಯವರೆಗೆ ನಡೆಸಿದರು. ನಾನು ಈಗ ಬರೆಯಹೊರಟಿರುವ ಅನರ್ಥವೆಲ್ಲ ಆ ನಡೆಸಿದ ಮಾತಿನಿಂದಲೇ ಹುಟ್ಟಿತು.

ಪೆಟ್ಟಿಗೆ ನಮ್ಮ ಭಾಗದ ಮನೆಯಲ್ಲಿ ಉಳಿಯಿತು. ಚಿಕ್ಕಪ್ಪ ಬೆಳಗ್ಗೆ ಮಿಂದು, ಬಿಲ್ವ ಕೊಯ್ದು ತಂದು, ಅಣ್ಣನ ಪಕ್ಕದಲ್ಲಿ ಕೂರುತ್ತಿದ್ದರು. ಒಬ್ಬರು ರುದ್ರ ಹೇಳಿದರೆ ಇನ್ನೊಬ್ಬರು ಅಭಿಷೇಕ ಮಾಡುತ್ತಿದ್ದರು. ಚಿಕ್ಕಮ್ಮ ಕಂಚಿನ ಬಟ್ಟಲಿನಲ್ಲಿ ಅಕ್ಕಿ ತಂದು ನಮ್ಮ ಹೊಸ್ತಿಲ ಒಳಗೆ ಇಟ್ಟುಹೋಗುತ್ತಿದ್ದರು. ನನ್ನ ತಾಯಿ ಅದನ್ನು ನಮ್ಮ ಅಕ್ಕಿಯೊಡನೆ ಕೂಡಿಸಿ ಒಂದೇ ಪಾತ್ರೆಯಲ್ಲಿ ನೈವೇದ್ಯಕ್ಕಿಡುತ್ತಿದ್ದರು. ನೈವೇದ್ಯವಾದ ಅನ್ನ ಗೋಡೆಯ ಎರಡು ಕಡೆಗೂ ಹೋಗುತ್ತಿತ್ತು. ಅಜ್ಜನ ಶ್ರಾದ್ಧವೂ ಹಾಗೆಯೇ, ಒಂದೇ ಮನೆಯಲ್ಲಿ, ಒಂದೇ ಅಗ್ನಿಯ ಮುಂದೆ, ಇಬ್ಬರೂ ಕುಳಿತು.

ಶಾಸ್ತ್ರದ ನಿಯಮ ಬೇರೆ. ಸಹೋದರರು ಅವಿಭಕ್ತರಾಗಿರುವವರೆಗೆ ಅವರ ದೇವಕಾರ್ಯ ಪಿತೃಕಾರ್ಯಗಳು ಒಂದು. ವಿಭಕ್ತರಾದ ಮೇಲೆ ಅವೂ ಬೇರೆ ಬೇರೆ. ಮೈಸೂರಿನ ಪಾಠಶಾಲೆಯಲ್ಲಿ ಗುರುಗಳ ಎದುರಿಗೆ ಕುಳಿತು ಇದನ್ನು ಓದಿದಾಗ, ಇದು ಕರ್ಮಾಚರಣೆಗೆ ಸಂಬಂಧಿಸಿದ ಒಂದು ವಿಧಿಯೆಂದು ಮಾತ್ರ ತಿಳಿದಿದ್ದೆ. ನೆಲವನ್ನು ಕೊಡುವ, ನೆಲವನ್ನು ಕಿತ್ತುಕೊಳ್ಳುವ ಬಲ ಅದಕ್ಕಿದೆಯೆಂದು ಅರಿವಾದದ್ದು ಮಧುಗಿರಿಯ ಕೋರ್ಟಿನಲ್ಲಿ.

ಚಿಕ್ಕಪ್ಪನಿಗೆ ಮಕ್ಕಳು ಉಳಿಯಲಿಲ್ಲ. ನಾನು ಓದು ಮುಗಿಸಿ ಊರಿಗೆ ಮರಳಿದ ವೇಳೆಗೆ ಅವರು ಕ್ಷಯದಿಂದ ಸೊರಗಿದ್ದರು. ತಾವು ಹೋದ ಮೇಲೆ ಹೆಂಡತಿ ಯಾರ ಬಾಗಿಲಲ್ಲೂ ನಿಲ್ಲಬಾರದೆಂಬ ಒಂದೇ ಚಿಂತೆ ಅವರಿಗೆ. ಆದ್ದರಿಂದ ತಮ್ಮ ಪಾಲಿನ ಗದ್ದೆಯೂ ಮನೆಯೂ ಹೆಂಡತಿಗೆ ಸಲ್ಲತಕ್ಕದ್ದೆಂದು ಉಯಿಲು ಬರೆಸಿದರು. ಬರೆದವರು ಶಿರಾ ಕಡೆಯಿಂದ ಬಂದು ಕೊರಟಗೆರೆಯಲ್ಲಿ ನೆಲೆಸಿದ್ದ ಒಬ್ಬ ಪತ್ರಬರಹಗಾರರು. ಅಕ್ಷರ ಮುತ್ತಿನಂತೆ, ಮಾತು ಅದಕ್ಕಿಂತ ಧಾರಾಳ. ಬರೆದು ಮುಗಿಸಿ, ಶಾಯಿ ಆರಲೆಂದು ಮರಳು ಉದುರಿಸುತ್ತ, "ಇನ್ನು ಇದು ಖಾಯಂ ಸ್ವಾಮಿ. ಹಣೆಬರಹ ಬರೆಯೋನೇ ಬಂದ್ರೂ ಈ ದಸ್ತಾವೇಜು ತಿದ್ದೋಕಾಗಲ್ಲ," ಎಂದರು. ಚಿಕ್ಕಪ್ಪ ನಕ್ಕರು, ಕೆಮ್ಮಿದರು.

ಸಾಕ್ಷಿಗಳಲ್ಲಿ ಮೊದಲ ರುಜು ನನ್ನ ತಂದೆಯವರದು. ಲೇಖನಿಯನ್ನು ಕಣ್ಣಿಗೊತ್ತಿಕೊಂಡು ರುಜು ಹಾಕಿದರು. ಆ ದಿನ ಅವರ ಮನಸ್ಸಿನಲ್ಲಿ ಕಪಟವಿತ್ತೆಂದು ನಾನು ಇಂದಿಗೂ ನಂಬುವುದಿಲ್ಲ. ನಂಬಲು ಸಾಧ್ಯವಾಗಿದ್ದರೆ ನನ್ನ ನೋವು ಇಷ್ಟಿರುತ್ತಿರಲಿಲ್ಲ.

ಚಿಕ್ಕಪ್ಪ ಶಿವಸಾಯುಜ್ಯ ಹೊಂದಿದರು. ಉತ್ತರಕ್ರಿಯೆಯನ್ನು ನಾನೇ ಮಾಡಿದೆ. ಚಿಕ್ಕಮ್ಮ ಕೇಶ ತೆಗೆಸಿ, ಕೆಂಪು ಸೀರೆಯುಟ್ಟು, ಗೋಡೆಯ ಆಚೆಯ ಕೋಣೆ ಸೇರಿದರು. ವರ್ಷಾಂತಿಕ ಕಳೆದ ಮರುದಿನ ಬೆಳಗ್ಗೆ ನಮ್ಮ ಹೊಸ್ತಿಲ ಒಳಗೆ ಕಂಚಿನ ಬಟ್ಟಲು ಮತ್ತೆ ಬಂದಿತ್ತು.

ಚಿಕ್ಕಮ್ಮನ ತವರು ಪಾವಗಡದ ಆಚೆ, ತೆಲುಗು ಸೀಮೆಯ ಅಂಚಿನಲ್ಲಿ. ನನ್ನನ್ನು ಅವರು ಹೆಸರು ಹಿಡಿದು ಕರೆದವರಲ್ಲ, ಆ ಕಡೆಯವರ ರೂಢಿಯಂತೆ "ನಾಯನಾ" ಎನ್ನುತ್ತಿದ್ದರು. ಅವರ ತಮ್ಮ ಆಗಾಗ ಬಂದು ಅಕ್ಕನ ಯೋಗಕ್ಷೇಮ ವಿಚಾರಿಸಿಕೊಂಡು ಹೋಗುವುದಿತ್ತು. ಚಿಕ್ಕಪ್ಪ ತೀರಿಕೊಂಡ ಮೇಲೆ ಆತನ ಬರವು ಹೆಚ್ಚಿತು. ಗದ್ದೆಯ ಬದುವಿನ ಮೇಲೆ ಓಡಾಡುವುದು, ತೂಬಿನ ನೀರು ಯಾವ ಸರದಿಯಲ್ಲಿ ಬರುತ್ತದೆಂದು ಗೇಣಿದಾರನನ್ನು ಕೇಳುವುದು, ಇದೆಲ್ಲ ತಂದೆಯವರ ಕಣ್ಣಿಗೆ ಬಿತ್ತು. ಊಟಕ್ಕೆ ಕುಳಿತಾಗ ಒಮ್ಮೆ, ಯಾರಿಗೆಂದಿಲ್ಲದೆ, ನಮ್ಮ ಗೋತ್ರದ ಗದ್ದೆ ಪಾವಗಡಕ್ಕೆ ಹೊರಟಿದೆಯೆಂದು ಹೇಳಿದರು. ನನ್ನ ತಾಯಿ ಬಡಿಸುತ್ತಿದ್ದ ಕೈಯನ್ನು ಕ್ಷಣ ತಡೆದು ಮತ್ತೆ ಬಡಿಸಿದರು.

ಬೇರೆ ಯಾವುದೋ ಕೆಲಸದ ನೆವದಲ್ಲಿ ತಂದೆಯವರು ಮಧುಗಿರಿಗೆ ಹೋಗಿಬಂದರು. ಅಲ್ಲಿನ ವಕೀಲರು ಹೇಳಿದ್ದನ್ನು ನನಗೆ ಬಹಳ ಸಮಾಧಾನದಿಂದ ವಿವರಿಸಿದರು. ಅಣ್ಣತಮ್ಮಂದಿರು ಅವಿಭಕ್ತರಾಗಿದ್ದರೆ, ಗಂಡುಸಂತಾನವಿಲ್ಲದೆ ಸತ್ತವನ ಭಾಗ ಬದುಕಿರುವವನಲ್ಲಿ ತಾನಾಗಿಯೇ ಸೇರಿಹೋಗುತ್ತದೆ. ಅಂಥ ಭಾಗವನ್ನು ಉಯಿಲಿನಲ್ಲಿ ಬರೆದುಕೊಡುವ ಹಕ್ಕೇ ಸತ್ತವನಿಗಿಲ್ಲ. ವಿಧವೆಗೆ ಅನ್ನವಸ್ತ್ರ, ಇರಲು ಒಂದು ಎಡೆ, ಅಷ್ಟೆ. ವಿಭಕ್ತರಾಗಿದ್ದರೆಂದು ಸಿದ್ಧಪಟ್ಟರೆ ಮಾತ್ರ ಉಯಿಲು ನಿಲ್ಲುತ್ತದೆ. ಹಾಗೆ ಸಿದ್ಧಪಡಿಸುವ ಹೊಣೆ ವಿಭಕ್ತರೆನ್ನುವವರದು.

ನೀವೇ ಸಾಕ್ಷಿ ಹಾಕಿದ್ದೀರಲ್ಲ ಎಂದು ನಾನು ಕೇಳಿದೆ. ಅದಕ್ಕೂ ವಕೀಲರಲ್ಲಿ ಉತ್ತರವಿತ್ತು. ಸಾಕ್ಷಿಯ ರುಜು ಬರೆದುಕೊಟ್ಟವನ ರುಜುವಿಗೆ ಸಾಕ್ಷಿ, ಬರೆದ ವಿಷಯಕ್ಕಲ್ಲ.

ಆ ಸುಗ್ಗಿಯಲ್ಲಿ ಗೇಣಿದಾರನು ಭತ್ತದ ಗಾಡಿಯನ್ನು ವಾಡಿಕೆಯಂತೆ ಚಿಕ್ಕಮ್ಮನ ಬಾಗಿಲಿಗೆ ತಂದ. ತಂದೆಯವರು ಜಗಲಿಯಿಂದಿಳಿದು, ಚೀಲಗಳನ್ನು ಈ ಕಡೆ ಇಳಿಸುವಂತೆ ಹೇಳಿದರು. ಅವನು ಎತ್ತಿನ ಹಗ್ಗ ಹಿಡಿದು ಹಾಗೆಯೇ ನಿಂತ.

"ಇದು ಚಿಕ್ ಸ್ವಾಮ್ಯೋರ್ ಪಾಲಿಂದು ಬುದ್ಧಿ. ಅಮ್ಮಾವ್ರಿಗೆ ಏನಂತ ಹೇಳ್ಲಿ?"

ತಂದೆಯವರು ನಮ್ಮ ಕಣಜದ ಬಾಗಿಲು ತೆಗೆದರು. ಗೋಡೆಯ ಆಚೆ ಚಿಕ್ಕಮ್ಮ ನಿಂತಿದ್ದುದು ನನಗೆ ತಿಳಿಯುತ್ತಿತ್ತು. ಅವರು ಹೊರಗೆ ಬರಲಿಲ್ಲ.

ಚಿಕ್ಕಮ್ಮನ ಹೆಸರಿನಲ್ಲಿ ದಾವೆ ಹೂಡಿಸಿದವನು ಅವರ ತಮ್ಮ. ಗದ್ದೆ ಉಳಿದರೆ ಅವರು ತಮ್ಮ ಗಂಡನ ಮನೆಯಲ್ಲಿ, ತಮ್ಮ ಒಲೆಯ ಮುಂದೆ, ಯಾರ ಹಂಗೂ ಇಲ್ಲದೆ ಸಾಯಬಹುದು. ಹೋದರೆ ಭಾವನ ಅನ್ನ, ಇಲ್ಲವೇ ತಮ್ಮನ ಅನ್ನ. ವ್ಯಾಜ್ಯ ನಡೆದಷ್ಟು ಕಾಲ ಎರಡು ಮನೆಗಳ ನಡುವೆ ಮಾತಿಲ್ಲ. ಆದರೆ ಬೆಳಗಾಗುತ್ತಲೇ ಅಕ್ಕಿಯ ಬಟ್ಟಲು ಮಾತ್ರ ತಪ್ಪದೆ ಬರುತ್ತಿತ್ತು. ನನ್ನ ತಾಯಿ ಅದನ್ನು ಸೆರಗಿನಲ್ಲಿ ಮರೆಮಾಡಿದಂತೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದರು. ತೊಳೆದ ಬಟ್ಟಲನ್ನು, ಮೇಲೆ ಎರಡು ಹೂವಿಟ್ಟು, ಆ ಕಡೆಯ ಹೊಸ್ತಿಲಿಗೆ ಮುಟ್ಟಿಸುತ್ತಿದ್ದರು. ಇದನ್ನು ತಂದೆಯವರು ನೋಡುತ್ತಿದ್ದರು. ಬೇಡವೆನ್ನಲಿಲ್ಲ. ಏಕೆ ಬೇಡವೆನ್ನಲಿಲ್ಲವೆಂಬುದು ನನಗೆ ಆಮೇಲೆ ತಿಳಿಯಿತು.

ಚಿಕ್ಕಮ್ಮನ ಪರ ವಕೀಲರು ತಿಳಿದವರು. ಈ ಅಕ್ಕಿಯನ್ನು ನಿಲ್ಲಿಸಬೇಕೆಂದೂ, ಮಾವನ ಶ್ರಾದ್ಧವನ್ನು ಗಂಡ ಬೇರೆಯಾಗಿ ಮಾಡುತ್ತಿದ್ದರೆಂದು ಕೋರ್ಟಿನಲ್ಲಿ ಹೇಳಬೇಕೆಂದೂ ಹೇಳಿಕಳಿಸಿದ್ದರು. ವಿಚಾರಣೆಯ ಹಿಂದಿನ ಸಂಜೆ ಆಕೆಯ ತಮ್ಮ ಅದನ್ನೇ ಒತ್ತಿ ಹೇಳುತ್ತಿದ್ದುದು ಮಣ್ಣಿನ ಗೋಡೆಯ ಈಚೆಗೂ ಕೇಳಿಸಿತು.

"ಒಕ್ಕ ಮಾತು ಕಣಕ್ಕಯ್ಯ. ಬೇರೆ ಮಾಡ್ತಿದ್ದರು ಅಂದ್ಬಿಡು, ಚಾಲು, ಅಷ್ಟು ಸಾಕು. ದೇವರೇನು ಕೋರ್ಟಿಗೆ ಬಂದು ಎದುರು ಸಾಕ್ಷಿ ನುಡೀತಾನಾ?"

"ಬರೋಲ್ಲ ಅಂತ ನೀನು ಹ್ಯಾಗೆ ಹೇಳ್ತೀಯೋ?" ಎಂದರು ಚಿಕ್ಕಮ್ಮ.

ಮರುದಿನ ಎರಡು ಗಾಡಿಗಳು ಒಂದರ ಹಿಂದೊಂದು ಮಧುಗಿರಿಯ ದಾರಿ ಹಿಡಿದವು. ಮುಂದಿನದರಲ್ಲಿ ತಂದೆಯವರೂ ನಾನೂ. ಹಿಂದಿನದರಲ್ಲಿ ಚಿಕ್ಕಮ್ಮ, ಆಕೆಯ ತಮ್ಮ, ಗೇಣಿದಾರ. ದಾರಿಯಲ್ಲಿ ತೊರೆ ದಾಟುವಾಗ ಹಿಂದಿನ ಗಾಡಿಯ ಚಕ್ರ ಮರಳಿನಲ್ಲಿ ಹೂತಿತು. ನಮ್ಮ ಎತ್ತುಗಳನ್ನು ಬಿಚ್ಚಿ ಆ ಗಾಡಿಗೆ ಕಟ್ಟಿ ಎಳೆಸಿದವರು ತಂದೆಯವರೇ. ಮಧುಗಿರಿಯ ಬಂಡೆಯ ಬೆಟ್ಟ ಎದುರಿಗೆ ಕಂಡಾಗ ಹೊತ್ತು ಏರಿತ್ತು. ಪಟ್ಟಣದಲ್ಲಿ ಚಿಕ್ಕಮ್ಮ ನೀರನ್ನೂ ಮುಟ್ಟಲಿಲ್ಲ.

ಪಾಲು ಮಾಡಿಸಿದ ಹಿರಿಯರಲ್ಲಿ ಆ ಹೊತ್ತಿಗೆ ಯಾರೂ ಉಳಿದಿರಲಿಲ್ಲ. ಕೋರ್ಟಿನಲ್ಲಿ ಗೇಣಿದಾರ ಚೆನ್ನಾಗಿಯೇ ಸಾಕ್ಷಿ ನುಡಿದ. ಗಡಿಗಲ್ಲು ನೆಟ್ಟವನು ತಾನೇ ಎಂದ. ಎರಡು ಮನೆಯ ಗೇಣಿ ಬೇರೆ, ದನ ಬೇರೆ, ಗೊಬ್ಬರದ ಗುಂಡಿಯೂ ಬೇರೆ ಎಂದ. ನಮ್ಮ ಪರ ವಕೀಲರು ಇದಾವುದನ್ನೂ ಅಲ್ಲಗಳೆಯಲಿಲ್ಲ. ಎಲ್ಲವೂ ಬೇರೆಯಾಗಿದ್ದಮೇಲೆ ದೇವರು ಏಕೆ ಬೇರೆಯಾಗಲಿಲ್ಲವೆಂದು ಮಾತ್ರ ನಗುನಗುತ್ತ ಕೇಳಿದರು.

"ಅದೆಂಗಾದೀತು ಸ್ವಾಮಿ? ನಮ್ಮಂತ ಒಕ್ಲು ಮಕ್ಳೇ ದೇವ್ರುನ್ನ ಹಂಚ್ಕಳಲ್ಲ. ಇವ್ರು ಹಾರುವ್ರು, ದೇವ್ರುನ್ನ ಸಿಗುದ್ಬುಡ್ತಾರಾ?"

ಕೋರ್ಟಿನಲ್ಲಿದ್ದವರೆಲ್ಲ ನಕ್ಕರು. ಮುನ್ಸೀಫರೂ ನಕ್ಕು, ನಗುತ್ತಲೇ ಅದನ್ನು ಬರೆದುಕೊಂಡರು. ಗೇಣಿದಾರ ತಾನು ಗೆದ್ದೆನೆಂದುಕೊಂಡು ಟವೆಲನ್ನು ಹೆಗಲಿಗೇರಿಸಿ ಇಳಿದ.

ಆಮೇಲೆ ಚಿಕ್ಕಮ್ಮನ ಸರದಿ. ಮಡಿಯ ಹೆಂಗಸೆಂದು ಮುನ್ಸೀಫರು ಮರ್ಯಾದೆಯಿಂದ ನಡೆಸಿಕೊಂಡರು. ಕಟಕಟೆಯ ಬಳಿ ಬೇರೆಯಾಗಿ ನಿಲ್ಲಲು ಅವಕಾಶ ಮಾಡಿದರು. ಅವರದೇ ವಕೀಲರು ಮನೆ, ಗದ್ದೆ, ಉಯಿಲುಗಳ ವಿಷಯವನ್ನು ಕೇಳಿ ಮುಗಿಸಿದರು. ಶ್ರಾದ್ಧದ ಸುದ್ದಿಗೆ ಹೋಗಲಿಲ್ಲ. ಹಿಂದಿನ ಸಂಜೆಯ ಉತ್ತರ ಅವರಿಗೂ ಮುಟ್ಟಿದ್ದಿರಬೇಕು. ನಮ್ಮ ವಕೀಲರು ಎದ್ದರು. ತಂದೆಯವರು ನೆಲ ನೋಡುತ್ತಿದ್ದರು.

"ನಿಮ್ಮ ಮಾವನವರ ಶ್ರಾದ್ಧವನ್ನು ನಿಮ್ಮ ಯಜಮಾನರು ತಮ್ಮ ಮನೆಯಲ್ಲಿ ಬೇರೆಯಾಗಿ ಮಾಡ್ತಿದ್ದರೇನಮ್ಮ?"

ಚಿಕ್ಕಮ್ಮ ತಲೆಯ ಮೇಲಿನ ಸೆರಗನ್ನು ಸರಿಮಾಡಿಕೊಂಡರು. ಅವರ ತಮ್ಮ ಗೋಡೆಗೊರಗಿ ನಿಂತು ಅವರನ್ನೇ ನೋಡುತ್ತಿದ್ದ. ಒಂದು ಮಾತು. ಅದನ್ನು ಅಲ್ಲವೆನ್ನಬಲ್ಲವರು ನಮ್ಮ ಕಡೆಯವರು ಮಾತ್ರ. ನಾವು ಎದುರು ಪಕ್ಷದವರು, ನಮ್ಮ ಮಾತಿಗೆ ತೂಕ ಕಡಿಮೆ.

"ಇಲ್ಲ. ಭಾವನವರ ಮನೇಲಿ. ಇಬ್ಬರೂ ಕೂತು ಮಾಡ್ತಿದ್ದರು."

"ದೇವರ ನೈವೇದ್ಯ?"

"ಒಂದೇ."

"ಅದಕ್ಕೆ ನಿಮ್ಮ ಮನೆಯಿಂದ ಅಕ್ಕಿ ಕೊಡ್ತಿದ್ದಿರಿ."

"ಕೊಡ್ತಿದ್ದೆ ಅಲ್ಲ. ಕೊಡ್ತೀನಿ."

ಈ ವ್ಯಾಜ್ಯ ಶುರುವಾದ ಮೇಲೂ ಕೊಡುತ್ತಿದ್ದೀರಾ ಎಂದು ವಕೀಲರು ಕೇಳಿದರು.

"ಇವತ್ತೂ ಅಕ್ಕಿ ಇಟ್ಟೇ ಗಾಡಿ ಹತ್ತಿದ್ದು. ವ್ಯಾಜ್ಯ ನಮಗೆ ನಮಗೆ. ದೇವರು ಯಾಕೆ ಉಪವಾಸ ಇರಬೇಕು?"

ವಕೀಲರು ಕುಳಿತುಬಿಟ್ಟರು. ಅವರಿಗೆ ಇನ್ನೇನೂ ಬೇಕಾಗಿರಲಿಲ್ಲ. ತಂದೆಯವರು ತಲೆಯೆತ್ತಿದ್ದನ್ನು ನಾನು ನೋಡಿದೆ. ಅವರ ಮುಖದಲ್ಲಿ ಹರ್ಷವಿರಲಿಲ್ಲ, ಲಜ್ಜೆಯೂ ಇರಲಿಲ್ಲ. ಗೊತ್ತಿದ್ದ ಶ್ಲೋಕವನ್ನು ಶಿಷ್ಯ ತಪ್ಪಿಲ್ಲದೆ ಒಪ್ಪಿಸಿದಾಗ ಉಪಾಧ್ಯಾಯನ ಮುಖ ಹೇಗಿರುತ್ತದೆಯೋ ಹಾಗಿತ್ತು. ಆಕೆ ಸುಳ್ಳು ಹೇಳುವುದಿಲ್ಲವೆಂದು ಅವರಿಗೆ ತಿಳಿದಿತ್ತು. ಆ ಒಂದು ನಂಬಿಕೆಯ ಮೇಲೆಯೇ ಅವರು ತಮ್ಮ ವಾದವನ್ನೆಲ್ಲ ಕಟ್ಟಿದ್ದರು.

ಕೆಲವು ವಾರಗಳ ಮೇಲೆ ತೀರ್ಪು ಬಂತು. ಮುನ್ಸೀಫರು ತಪ್ಪು ಮಾಡಲಿಲ್ಲ. ಅಂದಿನ ಕಾನೂನನ್ನು ಅರಿತ ಯಾರೂ ಬೇರೆಯಾಗಿ ಬರೆಯಲಾರರು. ಒಲೆ ಎರಡಾದದ್ದು, ಬೆಳೆ ಹಂಚಿಕೊಂಡದ್ದು ಅನುಕೂಲಕ್ಕೆ ಮಾಡಿಕೊಂಡ ಏರ್ಪಾಡು. ಖಾತೆ ಒಂದು, ಶ್ರಾದ್ಧ ಒಂದು, ದೇವರು ಒಂದು. ಆದ್ದರಿಂದ ಕುಟುಂಬ ಅವಿಭಕ್ತ, ಉಯಿಲು ಅಸಿಂಧು. ವಾದಿಯ ಸತ್ಯನಿಷ್ಠೆ ಪ್ರಶಂಸನೀಯವೆಂದು ಒಂದು ವಾಕ್ಯವನ್ನೂ ಸೇರಿಸಿದ್ದರು. ಅದರ ಕೆಳಗಿನ ವಾಕ್ಯದಲ್ಲಿ ದಾವೆ ವಜಾ ಆಗಿತ್ತು.

ಕೋರ್ಟಿನ ಮೆಟ್ಟಿಲಿಳಿಯುವಾಗ ಪಾವಗಡದ ತಮ್ಮ ಅಕ್ಕನಿಗೆ ಹೇಳಿದ ಮಾತು ನನ್ನ ಕಿವಿಯಲ್ಲಿದೆ. "ನೀನಂದದ್ದು ನಿಜವೇ ಕಣಕ್ಕಯ್ಯ. ದೇವರು ಸಾಕ್ಷಿಗೆ ಬಂದ. ಬಂದದ್ದು ಅವರ ಕಡೆಗೆ."

ಮರುದಿನ ಬೆಳಗ್ಗೆ ನಮ್ಮ ಹೊಸ್ತಿಲಲ್ಲಿ ಬಟ್ಟಲು ಇರಲಿಲ್ಲ. ನನ್ನ ತಾಯಿ ಒಲೆಯ ಮೇಲೆ ನೀರಿಟ್ಟುಕೊಂಡು ಕಾದರು. ಬಾಗಿಲಿಗೆ ಬಂದು ನೋಡಿದರು, ಒಳಗೆ ಹೋದರು, ಮತ್ತೆ ಬಂದರು. ನೀರು ಮರಳಿ ಅರ್ಧ ಇಂಗಿದ ಮೇಲೆ ನಮ್ಮ ಅಕ್ಕಿಯನ್ನಷ್ಟೇ ಹಾಕಿದರು. ತಂದೆಯವರು ನೈವೇದ್ಯ ಮಾಡಿ, ಘಂಟೆ ಬಾರಿಸಿ, ತೀರ್ಥ ಕೊಟ್ಟರು. ನನ್ನ ತಾಯಿ ಅಂದು ಪ್ರಸಾದದ ಅನ್ನವನ್ನು ಮುಟ್ಟಲಿಲ್ಲ.

ಹೊರಡುವ ದಿನ ಚಿಕ್ಕಮ್ಮ ನಮ್ಮ ಬಾಗಿಲಿಗೆ ಬಂದು ಮರೆಯಲ್ಲಿ ನಿಂತರು. ಭಾವನೊಡನೆ ನೇರವಾಗಿ ಮಾತಾಡುವ ಪದ್ಧತಿ ಅವರಿಗೆ ಎಂದೂ ಇರಲಿಲ್ಲ. ಆಡಬೇಕಾದ್ದನ್ನು ನನ್ನ ಮೂಲಕ ಆಡುತ್ತಿದ್ದರು. ಅಂದೂ ಹಾಗೆಯೇ. ಇಲ್ಲಿಯೇ ಇರಬಹುದು, ಅನ್ನಬಟ್ಟೆಗೆ ಕೊರತೆಯಾಗದು ಎಂದು ತಂದೆಯವರು ಹೇಳಿಕಳಿಸಿದ್ದರು. ಅದನ್ನು ಅವರು ಪ್ರಸ್ತಾಪಿಸಲೇ ಇಲ್ಲ.

"ನಾಯನಾ, ನಿಮ್ಮ ತಂದೆಯವರಿಗೆ ಹೇಳು. ಗದ್ದೆ ಬೇಡ, ಮನೆ ಬೇಡ. ಪೆಟ್ಟಿಗೇಲಿರೋ ಬಾಣಲಿಂಗ ಒಂದು ಕೊಡಿಸಲಿ. ನಿಮ್ಮ ಚಿಕ್ಕಪ್ಪನವರು ಕೈಯಾರೆ ಅಭಿಷೇಕ ಮಾಡ್ತಿದ್ದದ್ದು. ನನ್ನ ತಮ್ಮನ ಕೈಲಿ ಪೂಜೆ ಮಾಡಿಸಿಕೊಂಡು, ನೈವೇದ್ಯಕ್ಕೆ ನಾನು ಅಕ್ಕಿ ಇಡ್ತೀನಿ."

ತಂದೆಯವರು ಹತ್ತಿರದಲ್ಲಿಯೇ ಕುಳಿತಿದ್ದರು. ನಾನು ಹೇಳಬೇಕಾಗಿರಲಿಲ್ಲ. ಜಪಸರವನ್ನು ಕೆಳಗಿಟ್ಟು, ನನ್ನ ಕಡೆ ನೋಡಿ ಹೇಳಿದರು.

"ಕುಟುಂಬ ಅವಿಭಕ್ತ ಅಂತ ತೀರ್ಪಾಗಿದೆ. ಅವಿಭಕ್ತ ದೇವರಲ್ಲಿ ಪಾಲು ಎಲ್ಲಿಂದ ಬರುತ್ತೆ? ಅಮ್ಮನಿಗೆ ಮಾತು ಕೊಟ್ಟಿದ್ದೀನಿ."

ನನ್ನ ತಂದೆಯವರು ಸಂಧ್ಯಾವಂದನೆಯನ್ನು ಜ್ವರದಲ್ಲೂ ಬಿಟ್ಟವರಲ್ಲ. ಬಾಗಿಲಿಗೆ ಬಂದ ಅತಿಥಿಯನ್ನು ಹಸಿದು ಕಳಿಸಿದವರಲ್ಲ. ಆ ದಿನ ಅವರು ಆಡಿದ ಮಾತಿನಲ್ಲಿ ಸುಳ್ಳೆಂಬುದು ಒಂದಕ್ಷರವೂ ಇರಲಿಲ್ಲ. ಇಡೀ ವ್ಯಾಜ್ಯದಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ಸತ್ಯವನ್ನು ಪರದೈವವೆಂದು ಬಾಲ್ಯದಿಂದ ಪಠಿಸಿದವನು ನಾನು. ಆ ಪಾಠ ಅಂದಿನಿಂದ ನನ್ನ ಗಂಟಲಲ್ಲಿ ಸರಾಗವಾಗಿ ಇಳಿದಿಲ್ಲ.

ಚಿಕ್ಕಮ್ಮ ಪಾವಗಡದ ಗಾಡಿ ಹತ್ತಿದರು. ತಮ್ಮನ ಮನೆಯಲ್ಲಿ ಬಹುಕಾಲ ಬದುಕಿದರು. ಒಂದು ಮಾತಿಗೆ ಗದ್ದೆ ಕಳೆದವಳೆಂದು ಆ ಮನೆಯ ಮಕ್ಕಳು ಕೂಡ ಹಂಗಿಸುತ್ತಿದ್ದರೆಂದು ಆ ಕಡೆಯಿಂದ ಬಂದವರು ಹೇಳುತ್ತಿದ್ದರು. ನಾನು ನೋಡಲು ಹೋದಾಗ ಊಟಕ್ಕಿಡುವ ಹಕ್ಕು ತಮಗಿಲ್ಲವಲ್ಲ ಎಂದು ನಾಚಿಕೊಂಡು ಒಂದು ಲೋಟ ಮಜ್ಜಿಗೆ ಕೊಟ್ಟರು. ಅವರು ತೀರಿಕೊಂಡ ಕೆಲವು ವರ್ಷಗಳ ಮೇಲೆ ನಮ್ಮ ಸಂಸ್ಥಾನದ ಸರ್ಕಾರ ಹಿಂದೂ ಸ್ತ್ರೀಯರ ಹಕ್ಕಿನ ಕಾನೂನನ್ನು ತಂದಿತು; ಅವಿಭಕ್ತ ಕುಟುಂಬದ ವಿಧವೆಗೂ ಪಾಲುಂಟೆಂದಾಯಿತು. ಸುದ್ದಿಯನ್ನು ಓದಿ ಹೇಳಿದವರೆಲ್ಲ ಬಹಳ ಮೆಚ್ಚಿದರು. ನಾನೂ ಒಳ್ಳೆಯದೆಂದೆ.

ತಂದೆಯವರ ಅನಂತರ ಎರಡು ಪಾಲೂ ನನಗೆ ಬಂದವು. ಪ್ರತಿವರ್ಷ ಅವರ ಶ್ರಾದ್ಧ ಮಾಡುತ್ತೇನೆ, ಯಾವ ಲೋಪವೂ ಇಲ್ಲದೆ. ಪಿಂಡದ ಅಕ್ಕಿ ಗಡಿಗಲ್ಲಿನ ಆಚೆಯ ಗದ್ದೆಯದೋ ಈಚೆಯದೋ ಎಂದು ಕೇಳುವವರು ಈಗ ಯಾರೂ ಇಲ್ಲ.

ಈಚೆಗೆ ನನ್ನ ಇಬ್ಬರು ಮಕ್ಕಳು ಬೇರೆಯಾಗುವ ಕಾಲ ಬಂತು. ಪತ್ರ ಬರೆಸುವ ಮುನ್ನವೇ ನಾನು ದೇವರ ಪೆಟ್ಟಿಗೆಯನ್ನು ನಡುಮನೆಗೆ ತರಿಸಿದೆ. ಹಿರಿಯ ಮಗ ಮಧುಗಿರಿಯಲ್ಲಿ ವಕೀಲ. ಈಗ ಕಾನೂನು ಬದಲಾಗಿದೆ, ಬರೆದ ಪತ್ರ ರಿಜಿಸ್ಟರಾದರೆ ಸಾಕು, ಪೂಜೆ ಯಾರೂ ಕೇಳುವುದಿಲ್ಲ, ಇದು ಅನವಶ್ಯಕ ಎಂದು ಅವನು ವಿನಯದಿಂದಲೇ ಹೇಳಿದ. ನಾನು ಸಂಕಲ್ಪ ಮಾಡಿ, ಕ್ಷಮೆ ಬೇಡಿ, ಪೆಟ್ಟಿಗೆಯ ಮುಚ್ಚಳ ತೆಗೆದೆ. ಸ್ಫಟಿಕಲಿಂಗವನ್ನೂ ಸಾಲಿಗ್ರಾಮವನ್ನೂ ಹಿರಿಯನ ಕೈಗಿಟ್ಟೆ. ಬಾಣಲಿಂಗವನ್ನು ಎತ್ತಿ ಕಿರಿಯನ ಕಡೆ ಚಾಚಿದಾಗ, ಅವನ ಹೆಂಡತಿ ಬಾಗಿಲ ಬಳಿಯಿಂದ ಮೆಲ್ಲನೆ ಕೇಳಿದಳು.

"ಮಾವನವರೇ, ದೇವರನ್ನೂ ಪಾಲು ಮಾಡ್ತಾರೆಯೇ?"

"ಮಾಡಬೇಕಮ್ಮ," ಎಂದೆ. "ಮೊದಲು ಅವನನ್ನೇ ಮಾಡಬೇಕು."

ಅವಳಿಗೆ ಮಕ್ಕಳಿಲ್ಲ. ಸೆರಗೊಡ್ಡಿ ಬಾಣಲಿಂಗವನ್ನು ತೆಗೆದುಕೊಂಡಳು. ನನ್ನ ಮುಖವನ್ನು ನೋಡಲಿಲ್ಲ. ಗೋಡೆಯ ಆಚೆಗೆ ಹೋಗಿ, ಹೊಸ ಒಲೆಯ ಮೇಲೆ ನೀರಿಟ್ಟು, ತನ್ನ ಅಕ್ಕಿಯನ್ನಷ್ಟೇ ತೊಳೆಯುತ್ತಿದ್ದ ಸದ್ದು ಈ ಕಡೆಗೆ ಕೇಳಿಸುತ್ತಿತ್ತು.